‘ಹಣೆಬರಹ’ ಎಂದು ನಿಲ್ಲಿಸಿದ ಕಡೆಯಿಂದ ಮುಂದೆ: ಕಾರಣದ ಹಾಳೆ ಬರೆಯುವ ಬಗೆ

ನಿಸರ್ಗವಾದ ಹೇಳುವುದು ಎರಡು ಮಾತು. ಇರುವುದೆಲ್ಲ ಪ್ರಕೃತಿಯೇ, ಹೊರಗಿನಿಂದ ಕೈಯಾಡಿಸುವ ಶಕ್ತಿ ಯಾವುದೂ ಇಲ್ಲ ಎನ್ನುವುದು ಒಂದು. ಮನುಷ್ಯನೂ ಆ ಪ್ರಕೃತಿಯೊಳಗೇ ಇದ್ದಾನೆ. ಅವನ ಆಸೆ, ಅಂಜಿಕೆ, ತೀರ್ಮಾನಗಳಿಗೂ ಕಾರಣಗಳಿವೆ. ಯಾವ ಕಾರಣಕ್ಕೂ ಸಿಕ್ಕದೆ ತಲೆಯೊಳಗೆ ಕೂತು ತೀರ್ಪು ಕೊಡುವ ಪುಟ್ಟ ಯಜಮಾನ ಯಾರೂ ಇಲ್ಲ ಎನ್ನುವುದು ಇನ್ನೊಂದು. ಮೊದಲನೆಯದನ್ನು ಒಪ್ಪುವ ವಿಚಾರವಾದಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಎರಡನೆಯದಕ್ಕೆ ಬಂದಾಗ ಅವರೂ ತಡವರಿಸುತ್ತಾರೆ. ಪ್ರಗತಿಪರ ರಾಜಕೀಯಕ್ಕೆ ನಿಜವಾಗಿ ಕೆಲಸಕ್ಕೆ ಬರುವುದು ಈ ಎರಡನೆಯ ಮಾತೇ.

ಇದನ್ನು ಭಾಷಣದಲ್ಲಿ ತಿಳಿಸುವುದು ಕಷ್ಟ, ಒಂದು ಹಾಳೆಯ ಮೇಲೆ ಮಾಡಿ ತೋರಿಸುವುದು ಸುಲಭ. ಹಾಸ್ಟೆಲ್ಲಿನ ಕೋಣೆ, ಗ್ರಂಥಾಲಯದ ಮೂಲೆ, ಸಂಘದ ಕಚೇರಿ, ಎಲ್ಲಾದರೂ ಎರಡು ಗಂಟೆಯಲ್ಲಿ ಮುಗಿಯುವ ಕೆಲಸ. ಒಂದು ಘಟನೆ ಎತ್ತಿಕೊಂಡು ಅದರ ಕಾರಣಗಳನ್ನು ಬೆನ್ನಟ್ಟಬೇಕು. ‘ಅವನ ಕರ್ಮ’, ‘ಅವನದೇ ತಪ್ಪು’, ‘ಅವನೊಬ್ಬ ಪಾಪಿ’ ಎಂದು ಮಾತು ನಿಲ್ಲುವ ಕಡೆ ನಿಲ್ಲದೆ, ಯಾರಾದರೂ ಒಂದು ಸಹಿ ಹಾಕಿದರೆ ಬದಲಾಗುವ ಜಾಗ ಸಿಗುವವರೆಗೆ ಹೋಗಬೇಕು.

ಬೇಕಾದದ್ದು

ಎಂಟರಿಂದ ಹನ್ನೆರಡು ಜನ. ಹನ್ನೆರಡು ದಾಟಿದರೆ ಇಬ್ಬರು ಮಾತಾಡಿ ಉಳಿದವರು ಸಭಿಕರಾಗುತ್ತಾರೆ. ಎರಡು ಡ್ರಾಯಿಂಗ್ ಶೀಟ್, ಮೂರು ಬಣ್ಣದ ಸ್ಕೆಚ್ ಪೆನ್, ಹಳೇ ನೋಟ್‌ಬುಕ್ಕಿನಿಂದ ಹರಿದ ಎಪ್ಪತ್ತು ಎಂಬತ್ತು ಚೀಟಿ, ಗೋಂದು. ಒಂದೇ ಘಟನೆಯ ಬಗ್ಗೆ ಎರಡು ಬೇರೆ ಪತ್ರಿಕೆಗಳ ವರದಿ, ಸಂಬಂಧಪಟ್ಟ ಕಾಯ್ದೆಯ ಪ್ರತಿ. ಬರೆಯಲು ಒಬ್ಬರು, ಗಡಿಯಾರ ನೋಡಲು ಒಬ್ಬರು. ಬರೆಯುವವರು ಆ ದಿನ ವಾದ ಮಾಡಬಾರದು. ಪೆನ್ನು ಹಿಡಿದವರ ಅಭಿಪ್ರಾಯಕ್ಕೆ ಹಾಳೆಯಲ್ಲಿ ತಾನಾಗೇ ದೊಡ್ಡ ಅಕ್ಷರ ಸಿಗುತ್ತದೆ.

ವಿಷಯ ‘ಜಾತಿ ಪದ್ಧತಿ’ ಅಥವಾ ‘ಬಡತನ’ ಆಗಬಾರದು. ಒಂದು ದಿನ, ಒಂದು ಜಾಗ, ಒಂದು ಘಟನೆ ಇರಬೇಕು. ಇಲ್ಲಿ ಉದಾಹರಣೆಗೆ ಮ್ಯಾನ್‌ಹೋಲ್ ಸಾವನ್ನು ತೆಗೆದುಕೊಳ್ಳೋಣ. ಇದು ಯಾವುದೋ ಒಂದು ಪ್ರಕರಣವಲ್ಲ, ಇಂಥ ಸುದ್ದಿಗಳಲ್ಲಿ ಮತ್ತೆ ಮತ್ತೆ ಕಾಣುವ ಆಕಾರ: ಪುರಸಭೆಯ ಯುಜಿಡಿ (ನೆಲದಡಿಯ ಒಳಚರಂಡಿ) ಚೇಂಬರ್ ಕಟ್ಟಿಕೊಂಡಿತ್ತು. ಗುತ್ತಿಗೆದಾರ ಕರೆಸಿದ ಕಾರ್ಮಿಕ ಒಳಗಿಳಿದು ಕುಸಿದ. ಅವನನ್ನು ಎಳೆದುಕೊಳ್ಳಲು ಇಳಿದ ಇನ್ನಿಬ್ಬರೂ ಮೇಲೆ ಬರಲಿಲ್ಲ.

ಹಾಳೆಯ ಬಲತುದಿಯಲ್ಲಿ ಈ ಮೂರು ವಾಕ್ಯ ಬರೆಯಿರಿ. ವಿಶೇಷಣ ಬೇಡ. ‘ಅಮಾಯಕ’, ‘ಕ್ರೂರ’, ‘ದುರ್ದೈವಿ’ ಎಂದು ಬರೆದ ಕೂಡಲೇ ತೀರ್ಪು ಮುಗಿದಿರುತ್ತದೆ, ತನಿಖೆ ಉಳಿದಿರುತ್ತದೆ.

ಮೊದಲ ಮಾತು ಹಿಡಿಯಿರಿ

ಐದು ನಿಮಿಷ ಕೊಡಿ. ‘ಇದು ಆಗಿದ್ದಕ್ಕೆ ಏನು ಹೇಳುತ್ತೀರಿ?’ ಎಂಬುದಕ್ಕೆ ಪ್ರತಿಯೊಬ್ಬರೂ ಹೆಸರು ಹಾಕದೆ ಒಂದು ಸಾಲು ಚೀಟಿಯಲ್ಲಿ ಬರೆಯಲಿ. ಬಾಯಲ್ಲಿ ಹೇಳಿಸಬೇಡಿ, ಮೊದಲು ಮಾತಾಡಿದವರ ಹಿಂದೆ ಉಳಿದವರು ಹೋಗುತ್ತಾರೆ.

ಚೀಟಿಗಳು ಹೆಚ್ಚುಕಡಿಮೆ ಮೂರು ಗುಂಪಾಗುತ್ತವೆ. ‘ಅವರ ಆಯಸ್ಸು ಅಷ್ಟೇ ಇತ್ತು.’ ‘ಕುಡಿದು ಇಳಿದಿರುತ್ತಾರೆ, ದುಡ್ಡಿನಾಸೆ.’ ‘ಗುತ್ತಿಗೆದಾರ ಕಟುಕ.’ ಮೊದಲೆರಡನ್ನು ಪ್ರಗತಿಪರರು ತಕ್ಷಣ ತಳ್ಳಿಹಾಕುತ್ತಾರೆ, ಮೂರನೆಯದಕ್ಕೆ ತಲೆದೂಗುತ್ತಾರೆ. ಮೂರರ ಕಟ್ಟೋಣವೂ ಒಂದೇ ಎಂಬುದನ್ನು ಇಲ್ಲೇ ತೋರಿಸಬೇಕು. ಮೂರೂ ಒಂದು ಜಾಗಕ್ಕೆ ಹೋಗಿ ಬಾಗಿಲು ಹಾಕಿಕೊಳ್ಳುತ್ತವೆ: ಒಂದು ವಿಧಿಯ ಹತ್ತಿರ, ಒಂದು ಸತ್ತವನ ಮನಸ್ಸಿನ ಹತ್ತಿರ, ಇನ್ನೊಂದು ಗುತ್ತಿಗೆದಾರನ ಮನಸ್ಸಿನ ಹತ್ತಿರ. ಗುತ್ತಿಗೆದಾರನ ದುಷ್ಟತನಕ್ಕೆ ಕಾರಣವೇ ಇಲ್ಲ ಎಂದರೆ, ಅದೂ ಒಂದು ಬಗೆಯ ಹಣೆಬರಹವೇ.

ಜನ ತಮ್ಮನ್ನು ಸ್ವತಂತ್ರರೆಂದುಕೊಳ್ಳುವುದು, ತಮ್ಮ ಕ್ರಿಯೆಗಳು ಗೊತ್ತಿದ್ದು ಅವುಗಳ ಕಾರಣಗಳು ಗೊತ್ತಿಲ್ಲದಿರುವುದರಿಂದ ಎಂದು 17ನೇ ಶತಮಾನದಲ್ಲೇ ಡಚ್ ತತ್ವಜ್ಞಾನಿ ಸ್ಪಿನೋಜಾ ಹೇಳಿದ್ದ. ಚೀಟಿಗಳನ್ನು ಹಾಳೆಯ ಎಡತುದಿಯಲ್ಲಿ ಅಂಟಿಸಿಡಿ, ಕೊನೆಗೆ ಬೇಕಾಗುತ್ತವೆ.

‘ಯಾಕೆ’ ಬಿಟ್ಟು ‘ಹೇಗೆ’ ಕೇಳಿ

ಕನ್ನಡದ ‘ಯಾಕೆ’ಗೆ ಒಂದು ತೊಡಕಿದೆ. ‘ಯಾಕೆ ಇಳಿದ?’ ಎಂದರೆ ಕಾರಣ ಕೇಳಿದಂತಲ್ಲ, ಗದರಿದಂತೆ. ಉತ್ತರವೂ ಸಮರ್ಥನೆಯಾಗಿಯೇ ಬರುತ್ತದೆ. ‘ಇಳಿಯುವುದು ಹೇಗಾಯಿತು?’ ಎಂದು ಕೇಳಿ. ಇದೊಂದನ್ನು ಬದಲಿಸಿದರೆ ಅರ್ಧ ಕೆಲಸ ಆದಂತೆ.

ಮೈಯಿಂದ ಶುರುಮಾಡಿ. ಸಮಾಜಕ್ಕೆ ಆಮೇಲೆ ಬನ್ನಿ. ಕಟ್ಟಿಕೊಂಡ ಚೇಂಬರಿನಲ್ಲಿ ಗಾಳಿಯಾಡದ ಕೆಸರು ಕೂತಿರುತ್ತದೆ. ಅದರಲ್ಲಿರುವ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಹೊರಬಿಡುತ್ತದೆ. ಈ ಅನಿಲ ಗಾಳಿಗಿಂತ ಸುಮಾರು 1.2 ಪಟ್ಟು ಭಾರ, ತಳದಲ್ಲಿ ಕೂರುತ್ತದೆ. ಕಾಲಿಟ್ಟು, ಸಲಾಕೆ ಹಾಕಿ ಕೆಸರು ಕದಡಿದಾಗ ಒಮ್ಮೆಗೇ ಏಳುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ಆದರೆ 100 ಪಾಲಿನ ಆಸುಪಾಸಿಗೆ ಏರಿದರೆ ಕೆಲವೇ ನಿಮಿಷಗಳಲ್ಲಿ ಮೂಗು ಸೋಲುತ್ತದೆ, ವಾಸನೆಯೇ ಗೊತ್ತಾಗುವುದಿಲ್ಲ. 700ರಿಂದ 1000 ಪಾಲಿದ್ದರೆ ಒಂದೆರಡು ಉಸಿರಿಗೆ ಮನುಷ್ಯ ಕುಸಿಯುತ್ತಾನೆ. ಜೊತೆಗೆ ಆಮ್ಲಜನಕದ ಕೊರತೆ: ಹೊರಗಿನ ಗಾಳಿಯಲ್ಲಿ ಶೇ 20.9 ಇರುವುದು ಶೇ 19.5ಕ್ಕಿಂತ ಇಳಿದರೆ ಅಪಾಯದ ಲೆಕ್ಕ.

ಇಷ್ಟನ್ನು ಐದಾರು ಚೀಟಿಗಳಲ್ಲಿ ಬರೆದು ಅಂಟಿಸಿ, ಕಾರಣದಿಂದ ಫಲದ ಕಡೆಗೆ ಬಾಣ ಹಾಕಿದಾಗ ಎಡತುದಿಯ ಚೀಟಿಗಳು ಅಲುಗಾಡತೊಡಗುತ್ತವೆ. ‘ಅನುಭವಸ್ಥನಾಗಿದ್ದರೆ ವಾಸನೆಯಲ್ಲೇ ಗೊತ್ತಾಗುತ್ತಿತ್ತು’ ಎನ್ನುವ ಮಾತು ಬಿದ್ದುಹೋಗುತ್ತದೆ. ಅನಿಲ ಹೆಚ್ಚಾದಾಗಲೇ ವಾಸನೆ ಕೈಕೊಡುವುದು. ‘ಕುಡಿದಿದ್ದ’ ಎನ್ನುವುದನ್ನೂ ಬಿಡಬೇಡಿ, ಅದಕ್ಕೂ ಬಾಣ ಹಾಕಿ. ಆ ಗಬ್ಬಿನಲ್ಲಿ ಇಳಿಯಲು ಮೊದಲು ಕುಡಿಯುವವರಿದ್ದಾರೆ. ಹಾಗಿದ್ದರೆ ಕುಡಿತ ಇಳಿಯುವುದಕ್ಕೆ ಕಾರಣವೋ, ಇಳಿಯಬೇಕಾದ್ದು ಕುಡಿತಕ್ಕೆ ಕಾರಣವೋ? ಬಾಣದ ತುದಿ ಯಾವ ಕಡೆ ಎಂಬುದರ ಮೇಲೆ ಹತ್ತು ನಿಮಿಷ ಜಗಳವಾದರೆ ಆಗಲಿ.

ಎರಡನೆಯವನು, ಮೂರನೆಯವನು ಇಳಿದದ್ದು? ಒಬ್ಬ ಬಿದ್ದದ್ದನ್ನು ಕಂಡು ಇನ್ನೊಬ್ಬ ಹಾರುತ್ತಾನೆ, ಯೋಚಿಸಲು ಸಮಯವಿರುವುದಿಲ್ಲ. ಮೊದಲನೆಯವನ ಸೊಂಟಕ್ಕೆ ಹಗ್ಗ, ಮೇಲೆ ಮೂರುಕಾಲಿನ ರಾಟೆ ಇದ್ದಿದ್ದರೆ ಯಾರೂ ಇಳಿಯದೆ ಎಳೆಯಬಹುದಿತ್ತು. ಧೈರ್ಯ, ಸ್ನೇಹ, ತ್ಯಾಗ ಎಂದು ನಾವು ಹೊಗಳುವುದೂ ಈ ಹಾಳೆಯಲ್ಲಿ ಒಂದು ಚೀಟಿಯೇ. ಹೊಗಳಿಕೆಗೂ ಬೈಗುಳಕ್ಕೂ ಇಲ್ಲಿ ಒಂದೇ ನಿಯಮ.

ಈಗ ಸಮಾಜದ ಕಡೆ. ಯಂತ್ರದ ಬದಲು ಮನುಷ್ಯ ಬಂದದ್ದು ಹೇಗೆ? ನೀರನ್ನು ರಭಸವಾಗಿ ಚಿಮ್ಮಿಸಿ ಚರಂಡಿ ಬಿಡಿಸುವ ಜೆಟ್ಟಿಂಗ್ ಯಂತ್ರ ಆ ಗಲ್ಲಿಗೆ ನುಗ್ಗುತ್ತದೆಯೇ? ಪುರಸಭೆಗೆ ಇರುವ ಯಂತ್ರಗಳೆಷ್ಟು, ಆ ದಿನ ಕೆಟ್ಟು ನಿಂತಿದ್ದವೆಷ್ಟು? ಟೆಂಡರ್ ಇಡಿಗಂಟಿನದೋ, ಯಂತ್ರದ ಗಂಟೆಗಿಷ್ಟು ಎಂಬ ಲೆಕ್ಕದ್ದೋ? ಇಡಿಗಂಟಾದರೆ ಯಂತ್ರ ತರಿಸಿದಷ್ಟೂ ಗುತ್ತಿಗೆದಾರನ ಜೇಬಿಗೆ ನಷ್ಟ, ಮನುಷ್ಯನನ್ನು ಇಳಿಸಿದಷ್ಟೂ ಲಾಭ. ಈ ಒಂದು ಚೀಟಿ ಬಂದ ಮೇಲೆ ‘ಕಟುಕ’ ಎನ್ನುವ ಚೀಟಿಗೆ ಒಂದು ಕಾರಣ ಸಿಕ್ಕಿತು. ಒಳ್ಳೆಯವನೊಬ್ಬ ಅದೇ ಟೆಂಡರ್ ಹಿಡಿದರೆ ಎಷ್ಟು ದಿನ ಒಳ್ಳೆಯವನಾಗಿ ಉಳಿದಾನು ಎಂದು ಕೇಳಿ.

ಇವನನ್ನೇ ಕರೆದದ್ದು ಹೇಗೆ? ಇಲ್ಲಿ ಜಾತಿಯ ಚೀಟಿ ಬರುತ್ತದೆ, ಬರಲೇಬೇಕು. ‘ಜಾತಿ’ ಎಂದು ಒಂದೇ ಮಾತು ಬರೆಯದೆ ಅದು ಕೆಲಸ ಮಾಡಿದ ಬಗೆ ಬರೆಯಿರಿ: ಮೇಸ್ತ್ರಿಯ ಫೋನಿನಲ್ಲಿ ಯಾವ ಕೇರಿಯವರ ನಂಬರುಗಳಿವೆ, ಅಪ್ಪನ ಕೆಲಸ ಮಗನಿಗೆ ಬಂದದ್ದು ಹೇಗೆ, ಬೇರೆ ಕೆಲಸ ಕೇಳಿದಾಗ ಏನಾಯಿತು, ಮುಂಗಡ ಎಷ್ಟಿತ್ತು. ಕರ್ನಾಟಕದಲ್ಲಿ ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ನಿಷೇಧಿಸಿದರು. ಆದರೂ 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಬುಟ್ಟಿ ಹೋಯಿತು, ಕೇರಿ ಅಲ್ಲೇ ಉಳಿಯಿತು. ಯಾವ ಬಾಣ ಕತ್ತರಿಸಿತು, ಯಾವುದು ಉಳಿಯಿತು ಎಂದು ಹಾಳೆಯ ಮೇಲೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕೊನೆಗೆ ‘ಒಪ್ಪಿಯೇ ಇಳಿದ’ ಎಂಬ ಮಾತು ಬರುತ್ತದೆ. ಒಪ್ಪಿಗೆಯನ್ನು ಸುಳ್ಳೆನ್ನಬೇಡಿ; ಅವನು ಒಪ್ಪಿದ್ದು ನಿಜ. ಆ ಒಪ್ಪಿಗೆ ಎಲ್ಲಿಂದ ಬಂತೆಂದು ಬಾಣ ಹಾಕಿ. ಕೈಯಲ್ಲಿ ಬೇರೆ ಯಾವ ಕೆಲಸವಿತ್ತು, ಇಲ್ಲ ಎಂದಿದ್ದರೆ ನಾಳೆ ಯಾರು ಕರೆಯುತ್ತಿದ್ದರು, ಒಳಗಿರುವ ಅನಿಲದ ಬಗ್ಗೆ ಅವನಿಗೆ ಹೇಳಿದ್ದು ಏನು.

ಬಾಣ ತಟ್ಟಿ ನೋಡಿ

ಒಂದು ಗಂಟೆ ಹೊತ್ತಿಗೆ ಮೂವತ್ತು ನಲವತ್ತು ಚೀಟಿ ಆಗಿರುತ್ತವೆ. ಪ್ರತಿ ಬಾಣಕ್ಕೂ ಕೇಳಿ: ಇದಿಲ್ಲದಿದ್ದರೆ ಫಲ ಬೇರೆ ಆಗುತ್ತಿತ್ತೇ? ಇದಿಲ್ಲದ ಬೇರೆ ಊರು ಇದೆಯೇ, ಅಲ್ಲೇನಾಗಿದೆ? ಯಾವ ಕಾಗದದಲ್ಲಿ, ಯಾರ ಬಾಯಲ್ಲಿ ಇದು ಗೊತ್ತಾಗುತ್ತದೆ? ಮೂರಕ್ಕೂ ಉತ್ತರವಿದ್ದರೆ ಗಟ್ಟಿ ಗೆರೆ. ಇಲ್ಲದಿದ್ದರೆ ಚುಕ್ಕಿ ಗೆರೆ.

ಇಲ್ಲಿ ಪ್ರಗತಿಪರರ ಹಾಳೆ ಕೆಡುವುದು ಒಂದೇ ರೀತಿಯಲ್ಲಿ. ಎಲ್ಲ ಬಾಣಗಳೂ ಹೋಗಿ ‘ವ್ಯವಸ್ಥೆ’ ಎಂಬ ಒಂದು ದೊಡ್ಡ ಚೀಟಿಗೆ ಸೇರುತ್ತವೆ. ಬಂಡವಾಳಶಾಹಿ, ಮನುವಾದ, ನವ ಉದಾರೀಕರಣ, ಹೆಸರು ಯಾವುದಾದರೂ ಆಗಲಿ. ಆ ಮಾತುಗಳು ತಪ್ಪೆಂದಲ್ಲ. ಆದರೆ ಅದಕ್ಕೆ ಸಹಿ ಹಾಕುವವರು ಯಾರೂ ಇಲ್ಲ, ಅದನ್ನು ಬದಲಿಸುವ ಕಚೇರಿಯೂ ಇಲ್ಲ. ಅಂಥ ಚೀಟಿ ಬಂದರೆ ಹರಿದು ಕನಿಷ್ಠ ನಾಲ್ಕು ಚೂರು ಮಾಡಿ, ಪ್ರತಿ ಚೂರಿನಲ್ಲೂ ಒಂದು ಕಚೇರಿ, ಒಂದು ನಿಯಮ ಅಥವಾ ಒಂದು ಮೊತ್ತ ಇರಲಿ. ಆಗದಿದ್ದರೆ ಆ ಮಾತನ್ನು ಆ ದಿನದ ಮಟ್ಟಿಗೆ ಪಕ್ಕಕ್ಕಿಡಿ.

ಇನ್ನೊಂದು ದೋಷ, ‘ಎಲ್ಲಕ್ಕೂ ಕಾರಣವಿದ್ದರೆ ಆಗುವುದು ಆಗಿಯೇ ತೀರುತ್ತದೆ’ ಎಂದು ಕೈಚೆಲ್ಲುವುದು. ಇದು ನಿಸರ್ಗವಾದವಲ್ಲ, ನಿಯತಿವಾದ. ಬುದ್ಧನ ಕಾಲದ ಆಜೀವಿಕ ಪಂಥದ ಗುರು ಮಕ್ಖಲಿ ಗೋಸಾಲ ಹೇಳಿದ್ದು ಅದನ್ನು: ಪುರುಷಪ್ರಯತ್ನಕ್ಕೆ ಬೆಲೆಯಿಲ್ಲ, ಉಂಡೆಯ ದಾರ ಬಿಚ್ಚಿದಷ್ಟೂ ಉರುಳಿ ಮುಗಿಯುವಂತೆ ಬದುಕು. ನಿಸರ್ಗವಾದ ಹೇಳುವುದು ಇದಕ್ಕೆ ತದ್ವಿರುದ್ಧ. ನಿಮ್ಮ ಪ್ರಯತ್ನವೂ ಒಂದು ಕಾರಣವೇ, ಅದನ್ನೂ ಚೀಟಿಯಲ್ಲಿ ಬರೆಯಬಹುದು, ಅದು ಸೇರಿದರೆ ಫಲ ಬೇರೆ. ನಿಯತಿವಾದಿಯ ಹಾಳೆಯಲ್ಲಿ ಯಾವ ಚೀಟಿ ತೆಗೆದರೂ ಫಲ ಅದೇ. ನಮ್ಮ ಹಾಳೆಯಲ್ಲಿ ರಾಟೆಯ ಚೀಟಿ ಸೇರಿಸಿದರೆ ಇಬ್ಬರು ಬದುಕುತ್ತಾರೆ.

ಕರ್ಮದ ಚೀಟಿ ಬಂದಾಗ

ಸಭೆಯನ್ನು ‘ದೇವರಿಲ್ಲ’ ಎಂದು ಶುರುಮಾಡಬೇಡಿ. ಬೇಕಾಗಿಲ್ಲ. ಈ ಎರಡು ಗಂಟೆ ಹಾಳೆಗೆ ಬರುವ ಬಾಣವನ್ನು ಎಲ್ಲರೂ ಪರೀಕ್ಷಿಸುವಂತಿರಬೇಕು ಎಂಬ ಒಪ್ಪಂದವಿದ್ದರೆ ಸಾಕು. ದೇವರನ್ನು ನಂಬುವವರೂ ಅಷ್ಟಕ್ಕೆ ಒಪ್ಪುತ್ತಾರೆ, ಎಷ್ಟೋ ಸಲ ಚೀಟಿಯನ್ನು ನಾಸ್ತಿಕರಿಗಿಂತ ಚೆನ್ನಾಗಿ ಬರೆಯುತ್ತಾರೆ. ವಾದವನ್ನೇ ಕೇಳಬೇಕೆನ್ನುವವರಿಗೆ ಇದು ಪಶ್ಚಿಮದ ಸರಕಲ್ಲ ಎಂದು ಹೇಳಬಹುದು: ಬೆಂಕಿ ಬಿಸಿ, ನೀರು ತಂಪು, ಎಲ್ಲವೂ ಸ್ವಭಾವದಿಂದ ಎಂದ ಚಾರ್ವಾಕರ (ನಮ್ಮ ಪ್ರಾಚೀನ ಭೌತವಾದಿಗಳ) ದರ್ಶನದಿಂದಲೇ, ದರ್ಶನಗಳನ್ನೆಲ್ಲ ಒಂದೆಡೆ ಕೂಡಿಸಿದ ವಿಜಯನಗರ ಕಾಲದ ಗ್ರಂಥ ‘ಸರ್ವದರ್ಶನಸಂಗ್ರಹ’ ಶುರುವಾಗುವುದು.

ಆದರೆ ‘ಪೂರ್ವಜನ್ಮದ ಕರ್ಮ’ ಎಂಬ ಚೀಟಿಯನ್ನು ಮಾತ್ರ ಸುಮ್ಮನೆ ದಾಟುವಂತಿಲ್ಲ, ಏಕೆಂದರೆ ಅದು ಟೆಂಡರಿನ ಚೀಟಿ ಕೂರಬೇಕಾದ ಜಾಗದಲ್ಲೇ ಕೂತಿರುತ್ತದೆ. 1957ರಲ್ಲಿ ಹೊರಬಂದ, ಬುದ್ಧ ಮತ್ತು ಧಮ್ಮ ಕುರಿತ ತಮ್ಮ ಗ್ರಂಥದಲ್ಲಿ ಅಂಬೇಡ್ಕರ್ ಇದನ್ನೇ ಹಿಡಿದಿದ್ದರು: ಹಿಂದಿನ ಜನ್ಮದ ಕರ್ಮದ ಸಿದ್ಧಾಂತದಿಂದ ಆಗುವ ಉಪಯೋಗವೆಂದರೆ, ಬಡವರ ಸ್ಥಿತಿಗೆ ತಾನು ಹೊಣೆಯಲ್ಲ ಎಂದು ರಾಜ್ಯವೂ ಸಮಾಜವೂ ತಪ್ಪಿಸಿಕೊಳ್ಳುವುದಷ್ಟೇ ಎಂದು. ಚೀಟಿ ಬರೆದವರನ್ನು ನಗಬೇಡಿ. ಒಂದೇ ಪ್ರಶ್ನೆ ಕೇಳಿ: ಯಂತ್ರ ಬಂದು ಯಾರೂ ಇಳಿಯದಂತಾದ ಊರಿನಲ್ಲಿ ಆ ಕರ್ಮ ಎಲ್ಲಿಗೆ ಹೋಯಿತು? ಉತ್ತರಕ್ಕೆ ಒತ್ತಾಯ ಮಾಡದೆ ಮುಂದಿನ ಚೀಟಿಗೆ ಹೋಗಿ.

ಒಂದು ಎಚ್ಚರಿಕೆ. ಸತ್ತವರ ಮನೆಯವರ ಎದುರು ಈ ಹಾಳೆ ಬಿಡಿಸಬೇಡಿ. ಅವರು ವಿಧಿ ಎಂದರೆ ಅದು ಸಿದ್ಧಾಂತವಲ್ಲ, ಸಂಕಟ.

ಹೊಣೆ ಹೊರಿಸುವುದು

‘ಗುತ್ತಿಗೆದಾರನೂ ಕಾರಣಗಳ ಕೂಸು ಎಂದಮೇಲೆ ಅವನ ಮೇಲೆ ಕೇಸೇಕೆ?’ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ: ಕೇಸೂ ಒಂದು ಕಾರಣ. ಮುಂದಿನ ಗುತ್ತಿಗೆದಾರನ ಲೆಕ್ಕದಲ್ಲಿ ಅದು ಸೇರಬೇಕು. ‘ಅವನಿಗೆ ತಕ್ಕ ಶಾಸ್ತಿ ಯಾವುದು’ ಎಂಬ ಪ್ರಶ್ನೆ ಹೋಗಿ ‘ಮುಂದಿನ ಟೆಂಡರಿನಲ್ಲಿ ಇದರಿಂದ ಏನು ಬದಲಾಗುತ್ತದೆ’ ಎಂಬುದು ಬರುತ್ತದೆ. ಸೇಡು ಕಳಚಿಬೀಳುತ್ತದೆ, ಹೊಣೆ ಉಳಿಯುತ್ತದೆ. ಇದರ ಮಗ್ಗುಲಿಗೇ ಇನ್ನೊಂದಿದೆ, ಅದು ಅಷ್ಟು ಜನಪ್ರಿಯವಲ್ಲ: ಮುಳುಗಿದವನಿಗೆ ಅವನದೇ ತಪ್ಪೆಂದು ಹೇಳಲಾಗದಿದ್ದರೆ, ಮೇಲೆದ್ದವನೂ ‘ಎಲ್ಲ ನನ್ನ ಸ್ವಂತ ದುಡಿಮೆ’ ಎನ್ನಲಾಗದು. ಆಸ್ತಿ ತೆರಿಗೆ, ಮೀಸಲಾತಿ, ಉಚಿತ ಶಿಕ್ಷಣದ ಚರ್ಚೆಗೆ ಇದೇ ಹಾಳೆ ಇನ್ನೊಂದು ದಿನ ಬಳಸಬಹುದು.

ಈಗ ಕೆಂಪು ಪೆನ್ನು ತೆಗೆದುಕೊಳ್ಳಿ. ಯಾರದೋ ಸಹಿಯಿಂದ ಕತ್ತರಿಸಬಹುದಾದ ಬಾಣಗಳಿಗೆಲ್ಲ ಅಡ್ಡಗೆರೆ ಹಾಕಿ, ಪಕ್ಕದಲ್ಲಿ ಹುದ್ದೆ ಬರೆಯಿರಿ (ವ್ಯಕ್ತಿಯ ಹೆಸರಲ್ಲ). ಕಾಯ್ದೆಯ ಪ್ರತಿ ಬೇಕಾಗುವುದು ಇಲ್ಲಿ. 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯ 7ನೇ ಸೆಕ್ಷನ್ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಸ್ವಚ್ಛತೆಗೆ ಯಾರನ್ನೂ ಇಳಿಸಬಾರದು ಎನ್ನುತ್ತದೆ. 9ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷದವರೆಗೆ. ಅನಿವಾರ್ಯ ಸಂದರ್ಭಕ್ಕೂ ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿ ಕಾರಣ ದಾಖಲಿಸಿ ಲಿಖಿತ ಅನುಮತಿ ಕೊಡಬೇಕು. ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಎಂದು ನಿಗದಿ ಮಾಡಿತ್ತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪುರಸಭೆ ಇನ್ನೂ 10 ಲಕ್ಷದ ಮಾತಾಡುತ್ತಿದ್ದರೆ ಅದೂ ಒಂದು ಕೆಂಪು ಗೆರೆ.

ಎರಡನೇ ಶೀಟ್

ಇದನ್ನು ಬಿಟ್ಟರೆ ಮಾಡಿದ್ದೆಲ್ಲ ಅರ್ಧ. ಕಾರಣದ ಹಾಳೆ ಎಷ್ಟೇ ಚೆನ್ನಾಗಿದ್ದರೂ, ಮುಂದೇನು ಮಾಡಬೇಕು ಎಂದು ಅದು ಹೇಳುವುದಿಲ್ಲ. ‘ಇದೆ’ ಎಂಬುದರಿಂದ ‘ಇರಬೇಕು’ ಎಂಬುದು ತಾನಾಗಿ ಹುಟ್ಟುವುದಿಲ್ಲ ಎಂದು ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲೇ ಎಚ್ಚರಿಸಿದ್ದ. ಇದೇ ಹಾಳೆ ನೋಡಿ ‘ಯಂತ್ರಕ್ಕಿಂತ ಮನುಷ್ಯ ಅಗ್ಗ, ಹಾಗೇ ನಡೆಯಲಿ’ ಎನ್ನುವವನೂ ಇರಬಹುದು. ಅವನ ಬಾಣಗಳಲ್ಲಿ ಒಂದೂ ತಪ್ಪಿರುವುದಿಲ್ಲ. ಪ್ರಕೃತಿಯ ಹೆಸರು ಹೇಳಿಕೊಂಡೇ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ ‘ಯುಜೆನಿಕ್ಸ್’ (ಆಯ್ದವರಿಗಷ್ಟೇ ಮಕ್ಕಳಾಗುವಂತೆ ಮಾಡಿ ಮನುಷ್ಯರ ತಳಿ ಸುಧಾರಿಸುವುದು) ಎಂಬ ಮಾತು ಹುಟ್ಟಿಸಿದ. ‘ದುರ್ಬಲ ಬುದ್ಧಿಯವರು’ ಎಂದು ಹೆಸರಿಟ್ಟವರಿಗೆ ಬಲವಂತದ ಸಂತಾನಹರಣ ಮಾಡುವುದನ್ನು ಅಮೆರಿಕದ ಸುಪ್ರೀಂ ಕೋರ್ಟ್ 1927ರಲ್ಲಿ ಎತ್ತಿಹಿಡಿಯಿತು. ನಿಸರ್ಗವಾದಿಯಾದ ಕೂಡಲೇ ಪ್ರಗತಿಪರನಾಗುತ್ತಾನೆ ಎಂಬ ನಂಬಿಕೆಗೆ ಆಧಾರವಿಲ್ಲ.

ಹಾಗಾಗಿ ಎರಡನೇ ಶೀಟಿನಲ್ಲಿ ನೀವು ಬಯಸುವುದನ್ನು ಬರೆಯಿರಿ. ‘ಯಾರೂ ಇನ್ನೊಬ್ಬರ ಮಲದ ಗುಂಡಿಗೆ ಇಳಿಯಬಾರದು.’ ‘ಅದರ ಖರ್ಚನ್ನು ಸಂಡಾಸು ಬಳಸುವ ಎಲ್ಲರೂ ಹೊರಬೇಕು.’ ಮೂರು ನಾಲ್ಕು ಸಾಲು ಸಾಕು. ಇವು ಕಾರಣದಿಂದ ಸಾಬೀತಾದವಲ್ಲ, ನಾವು ಹಿಡಿದ ನಿಲುವು ಎಂದು ಮೇಲ್ಗಡೆ ಸ್ಪಷ್ಟವಾಗಿ ಬರೆಯಿರಿ. ವೈದಿಕ ಕಾಲದಲ್ಲೇ ಹೀಗಿತ್ತು, ಡಾರ್ವಿನ್ ಹೀಗೆ ಹೇಳಿದ್ದಾನೆ ಎಂದು ಊರುಗೋಲು ಕೊಡಬೇಡಿ. ಒಪ್ಪದವರಿದ್ದರೆ ಆ ಸಾಲಿನ ಪಕ್ಕ ಪ್ರಶ್ನೆಚಿಹ್ನೆ ಹಾಕಿ.

ಹಾಳೆ ಮಡಚುವ ಮುನ್ನ

ಚುಕ್ಕಿ ಗೆರೆಗಳಲ್ಲಿ ಪುರಸಭೆಯ ಕಡತದಲ್ಲಿ ಉತ್ತರವಿರುವಂಥವನ್ನು ಆರಿಸಿ ಆ ದಿನವೇ ಮಾಹಿತಿ ಹಕ್ಕಿನ ಅರ್ಜಿ ಬರೆದುಬಿಡಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಒಳಗೆ. ಬಹಳ ಅರ್ಜಿಗಳು ಹಿಂದಕ್ಕೆ ಬರುವುದು ಇಲ್ಲೇ. ಯಂತ್ರಗಳ ಬಗ್ಗೆ ಒಂದು ಅರ್ಜಿ, ಟೆಂಡರ್ ಷರತ್ತುಗಳ ಬಗ್ಗೆ ಇನ್ನೊಂದು ಹಾಕಿ. ‘ಕಾರ್ಮಿಕರ ಸುರಕ್ಷತೆಗೆ ಏನು ಕ್ರಮ ಕೈಗೊಂಡಿದ್ದೀರಿ?’ ಎಂದು ಕೇಳಿದರೆ ‘ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಎಂದು ಉತ್ತರ ಬರುತ್ತದೆ. ಕಾಗದ ಕೇಳಿ: ಜೆಟ್ಟಿಂಗ್ ಯಂತ್ರದ ಆ ತಿಂಗಳ ಲಾಗ್‌ಬುಕ್ಕಿನ ನಕಲು, ಒಳಗಿಳಿಯಲು ಕೊಟ್ಟ ಲಿಖಿತ ಅನುಮತಿಯ ನಕಲು, ಅನಿಲ ಪತ್ತೆ ಸಾಧನ ಖರೀದಿಸಿದ ಬಿಲ್ಲಿನ ನಕಲು.

ಉತ್ತರಕ್ಕೆ 30 ದಿನ. ಬರದಿದ್ದರೆ ಆಮೇಲಿನ 30 ದಿನದೊಳಗೆ ಮೊದಲ ಮೇಲ್ಮನವಿ. ಬಂದಾಗ ಅದೇ ಜನ ಸೇರಿ ಅದೇ ಹಾಳೆ ಬಿಡಿಸಿ. ಎಡತುದಿಯ ಮೊದಲ ಚೀಟಿಗಳನ್ನು ಗಟ್ಟಿಯಾಗಿ ಓದಿಸಿ, ಬೇಕೆನಿಸಿದವರು ತಮ್ಮದನ್ನು ಕಿತ್ತುಕೊಳ್ಳಲಿ. ಚುಕ್ಕಿ ಗೆರೆ ಗಟ್ಟಿಯಾದರೆ ಮೇಲೆ ತಿದ್ದಿ, ಸುಳ್ಳಾದರೆ ಹೊಡೆದುಹಾಕಿ, ಪಕ್ಕದಲ್ಲಿ ತಾರೀಕು ಹಾಕಿ. ‘ಲಾಗ್‌ಬುಕ್ ನಿರ್ವಹಿಸಿರುವುದಿಲ್ಲ’ ಎಂದು ಉತ್ತರ ಬಂದರೆ ಬೇಸರ ಬೇಡ. ಅದನ್ನು ಹೊಸ ಚೀಟಿಯಲ್ಲಿ ಬರೆದು ಹಾಳೆಯ ನಡುವೆ ಅಂಟಿಸಿ. ಅದರಿಂದ ಹೊರಡುವ ಬಾಣಗಳು ಬಹಳ ಇರುತ್ತವೆ.